ಕಪ್ಪು–ಬಿಳುಪಿನ ನಡುವೆ ಏಳು ಮನೆ

ಪೆನ್ಸಿಲ್ ಚಿತ್ರದ ಮುಂದೆ ನಿಂತವರು ಮೊದಲು ನೋಡುವುದು ಗೆರೆ ಸರಿಯಾಗಿದೆಯೇ ಎಂದು. ಆದರೆ ಗೆರೆ ಹೇಳುವುದು ವಸ್ತುವಿನ ಅಂಚನ್ನಷ್ಟೇ. ಅದು ಉಬ್ಬಿದೆಯೋ ತಗ್ಗಿದೆಯೋ, ಬಿಸಿಲು ಯಾವ ಕಡೆಯಿಂದ ಬಿದ್ದಿದೆ, ಹೊತ್ತು ಬೆಳಗಿನದೋ ಸಂಜೆಯದೋ ಎಂಬುದನ್ನೆಲ್ಲ ಹೇಳುವುದು ಛಾಯೆ. ಡ್ರಾಯಿಂಗ್ ಮೇಷ್ಟ್ರ ಬಾಯಲ್ಲಿ ಶೇಡಿಂಗ್. ಇದರ ರುಚಿ ಹತ್ತಬೇಕಾದರೆ ನೋಡುವವರೂ ಒಮ್ಮೆ ಪೆನ್ಸಿಲ್ ಹಿಡಿಯಬೇಕು.

ಡ್ರಾಯಿಂಗ್ ಹಾಳೆಯ ಮೇಲೆ ಸಾಲಾಗಿ ಒಂಬತ್ತು ಚೌಕ ಬರೆದುಕೊಳ್ಳಿ. ಮೊದಲನೆಯ ಮನೆಯನ್ನು ಮುಟ್ಟಬೇಡಿ, ಅದು ಕಾಗದದ ಬಿಳುಪು. ಕೊನೆಯದನ್ನು 6ಬಿ ಪೆನ್ಸಿಲ್ಲಿನಲ್ಲಿ ಎಷ್ಟಾಗುತ್ತದೋ ಅಷ್ಟು ಕಪ್ಪು ಮಾಡಿ. ಆಮೇಲೆ ನೇರವಾಗಿ ಐದನೆಯದಕ್ಕೆ ಹೋಗಿ, ಎರಡಕ್ಕೂ ಸರಿಮಧ್ಯದ ಬೂದು ತುಂಬಿ. ಉಳಿದವನ್ನು ಹಾಗೆಯೇ ನಡುವೆ ನಡುವೆ ಹುಡುಕುತ್ತಾ ಹೋಗಿ. ತಿಳಿ ಮನೆಗಳಿಗೆ ಎಚ್‌ಬಿ, ಮುಂದಕ್ಕೆ 2ಬಿ, 4ಬಿ. ಬೆರಳಿನಲ್ಲಿ ಉಜ್ಜಬೇಡಿ. ಉಜ್ಜಿದರೆ ಕಾಗದಕ್ಕೆ ಕೈಯ ಜಿಡ್ಡು ಹತ್ತುತ್ತದೆ, ಬೂದು ಕೊಳೆಯಾಗುತ್ತದೆ. ಗೆರೆಯ ಮೇಲೆ ಅಡ್ಡಗೆರೆ ಹಾಕುತ್ತಾ ಪದರ ಪದರವಾಗಿ ಏರಿಸಿ.

ಬಿಳಿ ಕಾಗದದ ಮೇಲೆ ಒಂದೇ ತೆಳು ಪದರ ಎದ್ದು ಕಾಣುತ್ತದೆ. ಏಳನೆಯ ಮನೆಗೆ ಬಂದಾಗ ಅದೇ ಪದರ ಹಾಕಿದರೂ ಹಾಕದಂತೆಯೇ. ಹಾಗಾಗಿ ಪದರಗಳನ್ನು ಲೆಕ್ಕ ಹಾಕಿ ಸಮನಾದ ಮೆಟ್ಟಿಲು ಕಟ್ಟಲು ಬರುವುದಿಲ್ಲ, ಕಣ್ಣನ್ನೇ ನಂಬಬೇಕು. ಕಣ್ಣೋ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಮಾತು ಬದಲಿಸುತ್ತದೆ: ಒಂದೇ ಬೂದು ಬಿಳಿಯ ಪಕ್ಕ ಗಾಢವಾಗಿ, ಕಪ್ಪಿನ ಪಕ್ಕ ತಿಳಿಯಾಗಿ ಕಾಣುತ್ತದೆ. ಹಾಡುವವರಿಗೆ ಸರಳೆ ಹೇಗೋ ಚಿತ್ರ ಬರೆಯುವವರಿಗೆ ಈ ಒಂಬತ್ತು ಮನೆ ಹಾಗೆ.

ಈಗ ಪಟ್ಟಿಯನ್ನು ಕತ್ತರಿಸಿಕೊಂಡು ಹೊರಗೆ ಹೊರಡಿ. ಮಧುಗಿರಿಯ ಏಕಶಿಲೆ ಇದಕ್ಕೆ ಒಳ್ಳೆಯ ಪಾಠಶಾಲೆ. ಬಂಡೆಯ ಮೈಮೇಲೆ ಮಳೆನೀರು ಹರಿದು ಮೂಡಿದ ಕಪ್ಪು ಪಟ್ಟೆಗಳಿವೆ. ಹೊಸಬರು ಅವನ್ನು ಕಡುಗಪ್ಪು ಮಾಡಿಬಿಡುತ್ತಾರೆ, ಬೆಟ್ಟ ಹರಿದ ಬಟ್ಟೆಯಂತಾಗುತ್ತದೆ. ಕಣ್ಣು ಕಿರಿದು ಮಾಡಿ, ಪಟ್ಟಿಯನ್ನು ಎತ್ತಿ ಹಿಡಿದು ಹೋಲಿಸಿ: ಬಿಸಿಲಲ್ಲಿರುವ ಕಪ್ಪು ಪಟ್ಟೆಯೂ ನೆರಳಲ್ಲಿರುವ ಬರಿಯ ಬಂಡೆಯೂ ಎಷ್ಟೋ ಸಲ ಒಂದೇ ಮನೆಯಲ್ಲಿ ಕೂರುತ್ತವೆ.

ಪಾವಗಡ ತಾಲ್ಲೂಕಿನ ರಾಯಚರ್ಲಿನ ಕಡೆ ಹೋದರೆ ಪಾಠ ಇನ್ನೂ ಕಠಿಣ. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ, 2018ರಲ್ಲಿ ಉದ್ಘಾಟನೆಯಾಯಿತು. ಪ್ಯಾನೆಲ್ ಕಪ್ಪು–ನೀಲಿ ಎಂಬುದು ನಮಗೆ ಗೊತ್ತು. ಆದರೆ ಓರೆಯಾಗಿ ನಿಂತು ನೋಡಿದಾಗ ಅದು ಆಕಾಶವನ್ನು ಪ್ರತಿಫಲಿಸಿ, ಕೆಳಗಿನ ಮಣ್ಣಿಗಿಂತ ಬೆಳ್ಳಗಾಗಿಬಿಡುತ್ತದೆ. ಅಲ್ಲಿ ಗೊತ್ತಿದ್ದದ್ದನ್ನು ಬರೆಯುವವರು ಸೋಲುತ್ತಾರೆ, ಕಂಡದ್ದನ್ನು ಬರೆಯುವವರು ಗೆಲ್ಲುತ್ತಾರೆ. ಛಾಯೆಯ ಚಿತ್ರವನ್ನು ಅಳೆಯಲು ನಾನು ಬಳಸುವುದು ಇದೊಂದೇ ಮಾನದಂಡ.

ಅಷ್ಟು ದೂರ ಹೋಗಲಾಗದವರು ಒಂದು ಕಡಲೆಕಾಯಿಯನ್ನು ಕಿಟಕಿಯ ಬಳಿ ಇಡಿ. ಸಿಪ್ಪೆಯ ಬಲೆಯಂಥ ಗೆರೆಗಳು ಕಣ್ಣನ್ನು ಎಳೆಯುತ್ತವೆ, ಅವನ್ನು ಸದ್ಯಕ್ಕೆ ಬಿಡಿ. ಕಿಟಕಿಯ ಕಡೆಯ ಬೆನ್ನು ಎರಡನೆಯ ಮನೆ. ಬೆನ್ನು ತಿರುಗುವಲ್ಲಿ ನಾಲ್ಕು, ಸೊಂಟದ ತಗ್ಗಿನಲ್ಲಿ ಆರು. ಮೇಜಿಗೆ ತಾಗುವ ಸಂದಿನಲ್ಲಿ ಮಾತ್ರ ಎಂಟು ಒಂಬತ್ತು. ಇನ್ನೊಂದನ್ನು ಗಮನಿಸಿ: ನೆರಳಿನ ಕಡೆಯ ಕೆಳ ಅಂಚು ಪೂರ್ತಿ ಕಪ್ಪಾಗಿರುವುದಿಲ್ಲ. ಮೇಜಿನಿಂದ ಪುಟಿದ ಬೆಳಕು ಅಲ್ಲಿ ಒಂದು ಮನೆಯಷ್ಟು ತಿಳಿಯಾಗಿಸಿರುತ್ತದೆ. ಆ ತಿಳಿ ಅಂಚು ಬಿಟ್ಟುಹೋದರೆ ಕಡಲೆಕಾಯಿ ಚಪ್ಪಟೆ. ಬಲೆಯ ಗೆರೆಗಳನ್ನು ಕೊನೆಗೆ ಹಾಕಿದರಾಯಿತು. ಶಿರಾದ ಮಲಿಕ್ ರಿಹಾನ್ ಗೋರಿಯ ಗುಮ್ಮಟಕ್ಕೂ ಇದೇ ಲೆಕ್ಕ.

ಇಷ್ಟು ಮಾಡಿದವರಿಗೆ ದೊಡ್ಡವರ ಕೃತಿಗಳು ಬೇರೆಯೇ ಆಗಿ ತೆರೆದುಕೊಳ್ಳುತ್ತವೆ. ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳು ಎಲ್ಲಿ ಸಿಕ್ಕರೂ ಬಣ್ಣ ಮರೆತು ನೋಡಿ. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪು–ಬಿಳುಪು ಮಾಡಿಕೊಂಡರೂ ಸರಿ. ಒಂಬತ್ತರಲ್ಲಿ ಎಷ್ಟು ಮನೆಗಳನ್ನು ಬಳಸಿದ್ದಾರೆ, ಎಷ್ಟನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ಎಣಿಸಿ.

ಊರಿನ ಶಾಲೆಯಲ್ಲಿ ಮಕ್ಕಳ ಚಿತ್ರ ಪ್ರದರ್ಶನವಿದ್ದಾಗ ಹೋಗಿ. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂತ ಮಗು ಬರೆದ ಚೆಂಬು, ಬಕೆಟ್ಟು ಅಲ್ಲಿರುತ್ತವೆ. ಅವುಗಳಲ್ಲಿ ನಡುವಿನ ಬೂದುಗಳನ್ನು ಹುಡುಕಿ. ಸಿಕ್ಕರೆ ಆ ಮಗುವನ್ನು ಕರೆದು, ಯಾವ ಜಾಗ ಚೆನ್ನಾಗಿ ಬಂದಿದೆ ಎಂದು ಬೆರಳಿಟ್ಟು ತೋರಿಸಿ ಹೇಳಿ.