ಸತ್ತ ಕಲಮಿಗೂ ವಾಯಿದೆ

ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರನ್ನು ಗೇಲಿ ಮಾಡುವ ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಹಂಚಿದರೆಂದು 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಪೊಲೀಸರು ಬಂಧಿಸಿದರು. ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ ಸಿನಿಮಾವನ್ನು ನೆನಪಿಸುವಂತೆ ಹೆಣೆದ ಚಿತ್ರ ಅದು. ಹಾಕಿದ ಕಲಮುಗಳಲ್ಲಿ, ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಕೂಡ ಇತ್ತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದುಮಾಡಿತು. ಆದರೂ ಅಲಿಪುರದ ಕೋರ್ಟು ಮಹಾಪಾತ್ರ ಅವರನ್ನು ಪ್ರಕರಣದಿಂದ ಬಿಡುಗಡೆ ಮಾಡಿದ್ದು 2023ರ ಜನವರಿಯಲ್ಲಿ.

ದಿಲ್ಲಿಯಲ್ಲಿ ಸತ್ತ ಕಲಮಿಗೆ ಕೋಲ್ಕತ್ತದಲ್ಲಿ ಹೆಚ್ಚುಕಡಿಮೆ ಎಂಟು ವರ್ಷ ವಾಯಿದೆ!

ಸೈಬರ್ ವಕೀಲಿಕೆಯೆಂದರೆ ವಿಚಾರ ಸಂಕಿರಣಗಳಲ್ಲಿ ದೊಡ್ಡ ತೀರ್ಪುಗಳದ್ದೇ ಮಾತು. ಅದರ ನಿಜವಾದ ಕಸುಬು ಇರುವುದು ಕೆಳಹಂತದ ಕೋರ್ಟುಗಳಲ್ಲಿ. ಇದಕ್ಕೆ ಬಂಗಾಳದಲ್ಲೇ ಒಳ್ಳೆಯ ಸಾಕ್ಷಿಗಳಿವೆ. ಯುವತಿಯೊಬ್ಬಳ ಖಾಸಗಿ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿದವನಿಗೆ 2018ರ ಮಾರ್ಚ್‌ನಲ್ಲಿ ತಮ್ಲುಕ್ ಕೋರ್ಟು ಐದು ವರ್ಷ ಶಿಕ್ಷೆ ವಿಧಿಸಿತು. ದೂರು ಕೊಟ್ಟು ವರ್ಷವೂ ಆಗಿರಲಿಲ್ಲ. ‘ಡಿಜಿಟಲ್ ಅರೆಸ್ಟ್’ (ಪೊಲೀಸರಂತೆ ನಟಿಸಿ, ಬಂಧನದ ಬೆದರಿಕೆಯೊಡ್ಡಿ ಹಣ ಕೀಳುವ) ವಂಚನೆಯ ಒಂಬತ್ತು ಮಂದಿಗೆ 2025ರ ಜುಲೈನಲ್ಲಿ ಕಲ್ಯಾಣಿ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ಇಂಥ ಕೇಸುಗಳು ನಿಲ್ಲುವುದು ವಾಗ್ವೈಖರಿಯಿಂದಲ್ಲ, ಕಾಗದಪತ್ರದಿಂದ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ವಾಟ್ಸ್‌ಆ್ಯಪ್ ಸಂದೇಶದ ಪ್ರತಿ ಹಾಜರುಪಡಿಸುವಾಗ ಎರಡು ಭಾಗಗಳ ಪ್ರಮಾಣಪತ್ರ ಬೇಕು: ಒಂದು ಸಾಧನದ ಹೊಣೆ ಹೊತ್ತವರದು, ಇನ್ನೊಂದು ತಜ್ಞರದು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಒಂದಕ್ಷರ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಮೊದಲು ಕೈಯಿಡುವ ಜಾಗವೂ ಇದೇ.

ಖಾಸಗಿತನದ ಕಡೆ ಬಂದರೆ ಚಿತ್ರ ಮಸುಕು. ಖಾಸಗಿತನವನ್ನು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದಾಗಿ. ಆ ತೀರ್ಪಿನ ನಂತರ ಬಂದ 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾತ್ರ ಕಂಪನಿಗಳ ಸಲಹೆಗಾರರಿಗೆ ಕೈತುಂಬ ಕೆಲಸ ಕೊಟ್ಟು, ನೊಂದವರ ವಕೀಲರನ್ನು ಬರಿಗೈಯಲ್ಲಿ ಕಳಿಸುತ್ತದೆ. ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿದ್ದ 43ಎ ಕಲಮನ್ನು ತೆಗೆದುಹಾಕುವ ಏರ್ಪಾಡೂ ಅದರಲ್ಲೇ ಇದೆ. ಮಾಹಿತಿ ಸೋರಿಕೆ ತಡೆಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು, ನಿಜ. ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.