ನಿಜಾಮರ ಮುಲ್ಕಿ, ಗಡಿಯ ಕನ್ನಡ

ರಾಜ್ಯ ಕಟ್ಟುವ ಕಸುಬಿನಲ್ಲಿ ಹೈದರಾಬಾದಿನ ನಿಜಾಮರು ಯಾರಿಗೂ ಕಡಿಮೆ ಇರಲಿಲ್ಲ. ಸ್ವಂತ ಅಂಚೆ, ಚಾರ್‌ಮಿನಾರ್ ಅಚ್ಚೊತ್ತಿದ ಹಾಲಿ ಸಿಕ್ಕಾ ನಾಣ್ಯ, 1874ರಲ್ಲೇ ವಾಡಿಯಿಂದ ತಾಂಡೂರಿನ ಮೇಲೆ ಸಿಕಂದರಾಬಾದಿಗೆ ರೈಲು. ಇಷ್ಟೆಲ್ಲ ಇದ್ದೂ 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯದೆದುರು ಐದೇ ದಿನಕ್ಕೆ ಕುಸಿದದ್ದಕ್ಕೆ ಸೈನ್ಯದ ದೌರ್ಬಲ್ಯವೊಂದೇ ಕಾರಣ ಎಂದರೆ ನಾನು ಒಪ್ಪಲಾರೆ.

ಕಾರಣ ಹುಡುಕಲು ಗಡಿಯ ಊರುಗಳನ್ನು ನೋಡಬೇಕು. ಜಹೀರಾಬಾದ್, ನಾರಾಯಣಖೇಡಗಳು ಆಗ ಬೀದರ ಜಿಲ್ಲೆಯವು, ತಾಂಡೂರು ಗುಲಬರ್ಗಾದ್ದು. ಮನೆಯಲ್ಲಿ ಕನ್ನಡವೋ ತೆಲುಗೋ, ಸಂತೆಯಲ್ಲಿ ದಖ್ಖನಿಯೂ ಸೇರಿದ ಮಾತು. ತಹಸೀಲಿನ ಮೆಟ್ಟಿಲು ಹತ್ತಿದರೆ ಮಾತ್ರ ಉರ್ದು. 1884ರಲ್ಲಿ ಪಾರಸಿಯ ಜಾಗಕ್ಕೆ ಬಂದದ್ದು ಅದು. ರೈತ ಅರ್ಜಿ ಬರೆಸಲು ಒಬ್ಬರಿಗೆ ದುಡ್ಡು ಕೊಡಬೇಕು, ಬಂದ ಹುಕುಮು ಓದಿಸಿಕೊಳ್ಳಲು ಇನ್ನೊಬ್ಬರ ಕಾಲು ಹಿಡಿಯಬೇಕು.

1918ರ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷನ್ನು ಬದಿಗಿಟ್ಟು ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಿತು. ಇವತ್ತಿಗೂ ಕನ್ನಡದಲ್ಲಿ ಎಂ.ಬಿ.ಬಿ.ಎಸ್. ಕಲಿಸಲಾಗದ ನಾವು ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಪ್ರಜೆಗಳಲ್ಲಿ ಹೆಚ್ಚಿನವರಿಗೆ ಉರ್ದು ಕೂಡ ಪರರ ಮಾತೇ. ಅತ್ತ ತುರ್ಕಿಯಲ್ಲಿ ಮುಸ್ತಫಾ ಕೆಮಾಲ್ 1924ರಲ್ಲಿ ಖಲೀಫರ ಪಟ್ಟವನ್ನೇ ಕಿತ್ತುಹಾಕಿ, ಬಹುಜನರ ತುರ್ಕಿ ಮಾತಿನ ಮೇಲೆ ರಾಷ್ಟ್ರ ನಿಲ್ಲಿಸಿದ, ಕುರ್ದರನ್ನು ತುಳಿದಾದರೂ. ನಮ್ಮ ಮೀರ್ ಉಸ್ಮಾನ್ ಅಲಿ ಖಾನರು 1931ರಲ್ಲಿ ಆ ಪಟ್ಟಗೇಡಿ ಖಲೀಫರ ಮಗಳನ್ನು ಸೊಸೆಯಾಗಿ ತಂದುಕೊಂಡರು! ಇಬ್ಬರ ಕಣ್ಣು ಯಾವ ಕಡೆಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ಅವರ ಕಾಲದ್ದೊಂದು ಒಳ್ಳೆಯ ಬೀಜ ಎಂದರೆ 1919ರ ಮುಲ್ಕಿ ನಿಯಮ. ಉತ್ತರದಿಂದ ಬಂದು ಹುದ್ದೆ ಹಿಡಿದವರಿಗೆ ತಡೆಯೊಡ್ಡಿ, ಸರ್ಕಾರಿ ನೌಕರಿ ನೆಲದವರಿಗೆ, ಅಂದರೆ ಮುಲ್ಕಿಗಳಿಗೆ, ಎಂದಿತು. ಇಲ್ಲಿ ಹುಟ್ಟಿದ ಹಿಂದೂವೂ ಮುಲ್ಕಿ, ಮುಸ್ಲಿಮನೂ ಮುಲ್ಕಿ. ಇದನ್ನು ಬೆಳೆಸಿದ್ದರೆ ದಖ್ಖನಿಗೆ ತನ್ನದೇ ಒಂದು ಪೌರತ್ವ ಬರುತ್ತಿತ್ತೇನೋ. ಆದರೆ ಪ್ರತಿ ಮುಸ್ಲಿಮನೂ ಈ ರಾಜ್ಯದ ಒಡೆಯ ಎಂದು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷ ಸಾರಿದ್ದೇ ತಡ, ಮುಲ್ಕಿ ಎರಡು ಹೋಳಾಯಿತು. ಆ ಪಕ್ಷದ ಖಾಸಗಿ ಪಡೆಯಾದ ರಜಾಕಾರರ ಹಿಂಸೆಗೆ ಹಳ್ಳಿಗಳು ನಲುಗಿದವು. ಒಡೆತನದ ರುಚಿಯನ್ನೇ ಕಾಣದ ಬಡ ಮುಸ್ಲಿಮರು, ರಾಜ್ಯವನ್ನು ಕೆಡವಿದ 1948ರ ಆ ಪೊಲೀಸ್ ಕಾರ್ಯಾಚರಣೆಯ ಬಳಿಕ, ಅದರ ಬೆಲೆ ತೆತ್ತರು. ಆ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾ ಎರಡೂ ಇವೆ.

1956ರಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಕಚೇರಿಯಲ್ಲಿ ಉರ್ದುವಿನ ಕುರ್ಚಿಗೆ ತೆಲುಗು ಬಂತು, ಕನ್ನಡ ಹೊರಗೇ ನಿಂತಿತು. ಭಾಷಾವಾರು ರಾಜ್ಯವನ್ನು ಕೊಂಡಾಡುವವರು ಈ ಮಾತೆತ್ತುವುದು ಕಡಿಮೆ. ಮುಲ್ಕಿ ಮಾತ್ರ ಸಾಯಲಿಲ್ಲ. 1969ರ ತೆಲಂಗಾಣ ಚಳವಳಿಯ ಬೇರು ಅದೇ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟ ಮೀಸಲಾತಿಯ ಹಿಂದಿರುವುದೂ ಅದೇ ವಾದ. ಬೀದರಿನ ಹುಡುಗ ಇವತ್ತು ಆ ಮೀಸಲಾತಿಯ ಪ್ರಮಾಣಪತ್ರ ಹಿಡಿದು ನೌಕರಿಗೆ ಅರ್ಜಿ ಹಾಕುತ್ತಾನೆ. ನಾರಾಯಣಖೇಡದಲ್ಲಿರುವ ಅವನ ಸೋದರಮಾವನ ಮಗ ತೆಲಂಗಾಣದ ‘ಲೋಕಲ್’ ಲೆಕ್ಕದಲ್ಲಿ, ತೆಲುಗಿನಲ್ಲಿ ಪರೀಕ್ಷೆಗೆ ಓದುತ್ತಾನೆ.