ಗಾಜಿನ ಚೂರಿನಲ್ಲಿ ಜ್ವಾಲಾಮುಖಿಯ ಗುರುತು

ಬಂಗಾಳ ಕೊಲ್ಲಿಯ ತಳದಿಂದ ಕೊಳವೆಯಲ್ಲಿ ಮೇಲೆತ್ತಿದ ಕೆಸರಿನ ಕಂಬದ ನಡುವೆ ಕಾಣುವ ಬೂದಿಪದರವು ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ್ದೆಂದು ಗುರುತಿಸಬಲ್ಲ ಭೂವಿಜ್ಞಾನಿಗಳ ಕುಶಲತೆ ಬೆರಗು ಹುಟ್ಟಿಸುವಂಥದು. ಬೂದಿಯೆಂದು ಕರೆದರೂ ಅದು ಸುಟ್ಟುಳಿದ ವಸ್ತುವಲ್ಲ. ಶಿಲಾಪಾಕವು ಅನಿಲದ ಗುಳ್ಳೆಗಳಿಂದ ನೊರೆಯೆದ್ದು ಸಿಡಿದು, ಥಟ್ಟನೆ ತಣಿದು ಆದ ಗಾಜು. ಸೂಕ್ಷ್ಮದರ್ಶಕದಡಿ ಆ ಬಣ್ಣವಿಲ್ಲದ ಚೂರುಗಳ ಬಾಗಿದ ಅಂಚಿನಲ್ಲಿ ಒಡೆದ ಗುಳ್ಳೆಯ ಗೋಡೆ ಇನ್ನೂ ಕಾಣುತ್ತದೆ. ಕೆಸರನ್ನು ಜರಡಿಯಲ್ಲಿ ತೊಳೆದು, ಸಾಂದ್ರತೆ ಹೊಂದಿಸಿದ ಭಾರದ್ರವದಲ್ಲಿ ಗಾಜನ್ನು ಬೇರ್ಪಡಿಸಿ, ರಾಳದಲ್ಲಿ ಕೂರಿಸಿ ನುಣುಪಾಗಿ ಉಜ್ಜಿದ ಮೇಲೆ, ಕೂದಲೆಳೆಗಿಂತ ಕಿರಿದಾದ ಎಲೆಕ್ಟ್ರಾನ್ ಕಿರಣವನ್ನು ಒಂದೊಂದೇ ಚೂರಿಗೆ ಹಾಯಿಸಿ ಸಿಲಿಕಾ, ಪೊಟ್ಯಾಸಿಯಂ, ಕಬ್ಬಿಣಗಳ ಪಾಲನ್ನು ಅಳೆದು ಟೋಬಾದ ಬಂಡೆಯೊಡನೆ ಹೋಲಿಸಲಾಗುತ್ತದೆ. ಕಿರಣ ಹೆಚ್ಚು ಹೊತ್ತು ನಿಂತರೆ ಸೋಡಿಯಂ ಸ್ಥಳ ಬಿಟ್ಟು ಸರಿಯುವುದರಿಂದ ಅದನ್ನೇ ಮೊದಲು ಅಳೆಯುವ ಎಚ್ಚರದಲ್ಲಿ ಈ ಕಸುಬಿನ ಸೊಗಸು ಎದ್ದು ಕಾಣುತ್ತದೆ.